ಗಿರಣಿ ಶುರುವಾಗುವ ಮೊದಲು ಒಂದು ಒಡಪು

ಬೆಳಗಿನ ಜಾವ ಐದು ಗಂಟೆ ಹತ್ತು ನಿಮಿಷ. ಕಡೂರಿನ ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಇನ್ನೂ ಕತ್ತಲು. ಒಂದು ಮನೆಯ ಒಳಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಕೋಣೆಯ ನಾಲ್ಕು ಗೋಡೆಗೂ ಗೋಣಿಚೀಲ ಹೊಡೆದು, ಅದರ ಮೇಲೆ ಹಳೆಯ ಕೌದಿಗಳನ್ನು ತೂಗುಹಾಕಿದ್ದಾರೆ. ಚಾಪೆಯ ಮೇಲೆ ಕೂತ ಜಾಹೇದಾ ಎಂಬ ಮೂವತ್ನಾಲ್ಕು ವರ್ಷದ ಹೆಂಗಸು ಶೇವಿಂಗ್ ಬ್ಲೇಡಿನಿಂದ ರೆಕಾರ್ಡಿಂಗ್ ಟೇಪನ್ನು ಓರೆಯಾಗಿ ಕತ್ತರಿಸಿ, ಎರಡು ತುದಿಗಳನ್ನು ಕೂಡಿಸಿ ಬಳೆಯ ಹಾಗೆ ಅಂಟಿಸುತ್ತಿದ್ದಾರೆ. ಕೈ ಕೆಲಸದ ಮೇಲಿದ್ದರೂ ಕಣ್ಣು ಪದೇ ಪದೇ ಗೋಡೆಯ ಮೇಲಿನ ಒಂದು ಮೀಟರಿಗೆ ಹೋಗುತ್ತದೆ.

"ಇನ್ನೂರಾ ಇಪ್ಪತ್ತೈದು ಐತೆ ಕರೆಂಟು. ಈಗ ಏನ್ ತೊಂದ್ರೆ ಇಲ್ಲ," ಅನ್ನುತ್ತಾರೆ. "ಆರೂವರೆಗೆ ಹಿಂದುಗಡೆ ರೈಸ್ ಮಿಲ್ ಶುರು ಮಾಡ್ತಾರೆ. ಅಲ್ಲಿ ಬಟನ್ ಒತ್ತಿದ್ರೆ ಇಲ್ಲಿ ನೂರಾ ಎಪ್ಪತ್ತು. ಟೇಪು ನಿಧಾನ ಓಡ್ತದೆ. ಆಮೇಲೆ ಒಳ್ಳೇ ಕರೆಂಟ್ನಾಗೆ ಹಾಕಿ ಕೇಳಿದ್ರೆ ಗಂಡಸಿನ ದನಿ ಕೀಚಲು ಆಗೋಗಿರ್ತದೆ. ಅದ್ಕೆ ನಮ್ದು ಏನಿದ್ರೂ ಮಿಲ್‌ಗಿಂತ ಮುಂಚೆ ಕಣ್ರೀ."

ಇವತ್ತು ಮಿಲ್‌ಗಿಂತ ಮುಂಚೆ ಮುಗಿಯಲೇಬೇಕಾದ ಕೆಲಸವೊಂದಿದೆ. ಸಖರಾಯಪಟ್ಟಣದ ದೇವೀರಪ್ಪನವರು ಮೊದಲನೇ ಬಸ್ಸಿಗೆ ಬರುತ್ತಿದ್ದಾರೆ. ವ್ಯಾಪಾರದಲ್ಲಿ ಅವರು ಕೊಬ್ಬರಿ ಮಂಡಿಯವರು, ಊರಿನವರ ಪಾಲಿಗೆ ಒಡಪಿನ ದೇವೀರಪ್ಪ. ವೀರಗಾಸೆ ಕುಣಿತದ ನಡುವೆ ವಾದ್ಯ ನಿಲ್ಲಿಸಿ, ಕತ್ತಿ ಹಿಡಿದು, ವೀರಭದ್ರನ ಕಥೆಯನ್ನು ಉಸಿರು ಬಿಡದೆ ಅಬ್ಬರಿಸುತ್ತಾರಲ್ಲ, ಅದೇ ಒಡಪು. ಅಜ್ಜನ ಬಾಯಿಂದ ಕಲಿತ ಹನ್ನೊಂದು ನಿಮಿಷದ ಒಡಪೊಂದು ಇವರಲ್ಲಿದೆ. ಈಗ ಇವರೊಬ್ಬರ ಹೊರತು ಯಾರಿಗೂ ಅದು ಬರುವುದಿಲ್ಲ. ಅವರ ಗಂಟಲಲ್ಲಿ ಗಡ್ಡೆಯಾಗಿದೆ. ನಾಳೆ ಬೆಂಗಳೂರಿನಲ್ಲಿ ಆಪರೇಷನ್. ಗಡ್ಡೆ ತೆಗೆದರೆ ದನಿ ಉಳಿಯುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದಾರೆ. ಅಲ್ಲಿಯವರೆಗೂ ಜೋರಾಗಿ ಮಾತಾಡಕೂಡದು ಎಂದೂ ಎಚ್ಚರಿಸಿದ್ದಾರೆ. ಆದರೂ ಒಂದೇ ಒಂದು ಸಲ ಹೇಳಿಬಿಡುತ್ತೇನೆ, ಟೇಪು ಮಾಡಿಕೊಡಿ ಎಂದು ದೇವೀರಪ್ಪನವರು ಕೇಳಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಅವರು ಬೆಂಗಳೂರಿನ ಗಾಡಿ ಹತ್ತಬೇಕು. ಅಂದಮೇಲೆ ಇರುವುದು ಇದೊಂದು ಬೆಳಿಗ್ಗೆ, ಅದೂ ಒಂದೇ ಸಲ.

ನಿಜ ಹೇಳಬೇಕೆಂದರೆ ನಾನು ಜಾಹೇದಾ ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದವನೇ ಅಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಎಲ್ಲಿ ಹೋಗಿ ಕೇಳಿದರೂ ಸಿಗುವ ಹೆಸರು ಇವರ ತಂದೆ ಖಾಸಿಂ ಸಾಬರದು. ಊರ ನಾಟಕದಲ್ಲಿ ಸಿಡಿಲು ಹೊಡೆಯಲಿ, ನಾಗರಾಜ ಪ್ರತ್ಯಕ್ಷನಾಗಲಿ, ಆಕಾಶವಾಣಿ ಮೊಳಗಲಿ, ಆ ಸದ್ದು ಖಾಸಿಂ ಸಾಬರ ಪೆಟ್ಟಿಗೆಯಿಂದಲೇ ಬರಬೇಕು. ನಾನು ಅವರ ಹೆಸರನ್ನೇ ನೋಟ್‌ಬುಕ್ಕಿನ ತಲೆಗೆ ಬರೆದುಕೊಂಡು ನಿನ್ನೆ ಸಂಜೆ ರೈಲಿಳಿದೆ. ಹದಿನೈದು ಪ್ರಶ್ನೆ ಕೇಳಿದೆ. ಹಿರಿಯರು ಹದಿನೈದಕ್ಕೂ ಗಟ್ಟಿ ದನಿಯಲ್ಲಿ ಉತ್ತರ ಕೊಟ್ಟರು, ಆದರೆ ಒಂದೂ ನಾನು ಕೇಳಿದ್ದಕ್ಕಲ್ಲ. ದೊಡ್ಡ ಕಲಾವಿದರು, ತಮ್ಮದೇ ಗುಂಗು ಎಂದುಕೊಂಡು ಮಲಗಿದೆ. ನನ್ನ ಬುದ್ಧಿಗೆ ಹೊಳೆದದ್ದು ಇಷ್ಟೇ.

ಈಗ ಟೇಪಿನ ಬಳೆಯನ್ನು ದೀಪಕ್ಕೆ ಹಿಡಿದು ನೋಡುತ್ತ ಜಾಹೇದಾ ಅವರೇ ಹೇಳುತ್ತಾರೆ. "ಅಬ್ಬಾಗೆ ಕೇಳ್ಸಲ್ಲ ಕಣ್ರೀ. ಸ್ವಲ್ಪ ಮಂದ ಅಂತ ಊರಿಗೆಲ್ಲ ಗೊತ್ತು. ಪೂರ್ತಿ ಹೋಗೈತೆ ಅನ್ನೋದು ನಂಗೆ, ನಮ್ಮಮ್ಮಂಗೆ, ನಮ್ಮನೆಯೋರಿಗೆ ಮಾತ್ರ ಗೊತ್ತು. ಏಳು ವರ್ಷ ಆಯ್ತು. ಬರೀಬ್ಯಾಡಿ." ಬರೆಯುವುದಿಲ್ಲ ಎಂದು ನಾನು ಮಾತು ಕೊಡುತ್ತೇನೆ. ಆ ಮಾತು ಎರಡು ಗಂಟೆಯೊಳಗೆ ಏನಾಯಿತು ಎಂಬುದು ಮುಂದೆ ತಿಳಿಯುತ್ತದೆ.

ಪೆಟ್ಟಿಗೆ ಪೆಟ್ಟಿಗೆ ಎಂದೆನಲ್ಲ, ಅವು ಒಂದಲ್ಲ, ಮೂರು. ಮೂರೂ ಈ ಮನೆಯಲ್ಲೇ ಹುಟ್ಟಿದವು. ಮೊದಲನೆಯದಕ್ಕೆ ಇವರಿಟ್ಟ ಹೆಸರು 'ನಡುಕ'. ಅದರೊಳಗೆ ಹೋದ ಸ್ವರ ಅಲೆ ಅಲೆಯಾಗಿ ನಡುಗಿ ಹೊರಬರುತ್ತದೆ. ಎರಡನೆಯದು 'ಸ್ಪ್ರಿಂಗು'. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಹೆಣೆಯುವ ಕಡ್ಡಿಗೆ ಸುತ್ತಿ ಮಾಡಿದ ಎರಡು ತೆಳು ತಂತಿಯ ಸ್ಪ್ರಿಂಗುಗಳು. ಅದರೊಳಗೆ ಹಾಯ್ದ ದನಿ ಕಲ್ಲುಗುಡಿಯೊಳಗೆ ನಿಂತು ಮಾತಾಡಿದಂತೆ ಗುಂಯ್‌ಗುಡುತ್ತದೆ. ಡಬ್ಬಿಗೆ ಗುದ್ದಿದರೆ ಸಿಡಿಲು. ಮೂರನೆಯದು 'ಎಕೋ'. ಕೆಟ್ಟುಹೋದ ಸ್ಪೂಲ್ ಟೇಪ್‌ರೆಕಾರ್ಡರನ್ನು ಬಿಚ್ಚಿ ಕಟ್ಟಿದ್ದು. ಟೇಪಿನ ಬಳೆ ಅದರೊಳಗೆ ಸುತ್ತುತ್ತ, ಹೇಳಿದ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಇವೆಲ್ಲಕ್ಕೂ ಮುಂದೆ ಎರಡೂವರೆ ಮೊಳ ಉದ್ದದ ಮೇಜಿನ ಮೇಲೆ ಎಲೆಕ್ಟ್ರಿಕ್ ಆರ್ಗನ್. ಆರ್ಗನ್ನಿಂದ ಹೊರಟ ವೈರು ನಡುಕಕ್ಕೆ, ನಡುಕದಿಂದ ಸ್ಪ್ರಿಂಗಿಗೆ, ಸ್ಪ್ರಿಂಗಿನಿಂದ ಎಕೋಗೆ, ಅಲ್ಲಿಂದ ಆಂಪ್ಲಿಫೈಯರಿಗೋ ರೆಕಾರ್ಡರಿಗೋ ಹೋಗುತ್ತದೆ. ಒಟ್ಟು ಹದಿನಾಲ್ಕು ವೈರು. ಎಲ್ಲದರ ತುದಿಗೂ ಬೆಸುಗೆ ಹಾಕಿದವರು ಜಾಹೇದಾ.

ಯಾವ ಪೆಟ್ಟಿಗೆ ಮುಂದೆ, ಯಾವುದು ಹಿಂದೆ ಎಂಬುದರಲ್ಲೇ ಇಡೀ ವಿದ್ಯೆ ಇದೆ. ಅವರು ಎರಡು ವೈರು ಅದಲುಬದಲು ಮಾಡಿ ಆರ್ಗನ್ನಿನ ಅದೇ ಮನೆಯನ್ನು ಅದೇ ಬೆರಳಿನಲ್ಲಿ ಒತ್ತುತ್ತಾರೆ. ಹಾವಾಡಿಗನ ಪುಂಗಿಯಾಗಿದ್ದದ್ದು ದೂರದಲ್ಲಿ ಹೋಗುವ ರೈಲಾಗುತ್ತದೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತೇನೆ. "ಅದ್ರಾಗೇನೈತೆ?" ಎಂದು ಅವರು ನಗುತ್ತಾರೆ. "ನೀವು ಮೊದ್ಲು ಒಗ್ಗರಣೆ ಹಾಕಿ ಆಮೇಲೆ ಅದ್ರಾಗೆ ಬೇಳೆ ಬೇಯ್ಸಕ್ಕೆ ಇಟ್ರೆ ಸಾರು ಆಗ್ತದೇನ್ರಿ? ಇದೂ ಹಂಗೇ."

ಒಂಬತ್ತನೇ ವಯಸ್ಸಿಗೆ ಬೆಸುಗೆ ಕಡ್ಡಿ ಹಿಡಿದವರು ಇವರು. ಖಾಸಿಂ ಸಾಬರದು ರೇಡಿಯೋ ರಿಪೇರಿ ಅಂಗಡಿ. ಮಗಳು ಮನೆಯಲ್ಲೇ ಕೂತು ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದಳು. ದಿನಕ್ಕೆ ಎಂಟು ಸಾವಿರ ಸುತ್ತು. ಎಣಿಕೆ ತಪ್ಪಿದರೆ ಬಿಚ್ಚಿ ಮೊದಲಿಂದ. ಹತ್ತೊಂಬತ್ತಕ್ಕೆ ಮದುವೆಯಾಗಿ ತರೀಕೆರೆಗೆ ಹೋದರು. ಎಪ್ಪತ್ತೆಂಟನೇ ಇಸವಿಯಲ್ಲಿ ತಂದೆಯ ಕಿವಿ ಹೋಯಿತು. ಇಪ್ಪತ್ತು ವರ್ಷ ಲೌಡ್‌ಸ್ಪೀಕರಿನ ಹಾರ್ನು, ಜನರೇಟರುಗಳ ಪಕ್ಕದಲ್ಲೇ ಕೂತದ್ದರ ಫಲ. ಗಂಡ ಮುನೀರ್ ಪಾಷಾ ತಕರಾರು ಮಾಡದೆ ಹೆಂಡತಿಯ ಜೊತೆ ಕಡೂರಿಗೆ ಬಂದು, ಮರಕ್ಕೆ ಹಾರ್ನು ಕಟ್ಟುವ ಕೆಲಸ ಕಲಿತರು. ಇವತ್ತು ಅವರು ಒಂದು ಮದುವೆಗೆಂದು ತರೀಕೆರೆಯಲ್ಲಿದ್ದಾರೆ.

ಅಂದಿನಿಂದ ನಡೆದಿರುವುದು ಹೀಗೆ. ನಾಟಕದ ದಿನ ಖಾಸಿಂ ಸಾಬರು ಎಲ್ಲರಿಗೂ ಕಾಣುವಂತೆ ಆಂಪ್ಲಿಫೈಯರ್ ಮುಂದೆ ಕೂರುತ್ತಾರೆ. ಪರದೆಯ ಹಿಂದೆ ಮೂರು ಪೆಟ್ಟಿಗೆ ಮತ್ತು ಆರ್ಗನ್ ಇಟ್ಟುಕೊಂಡು ಮಗಳು ಕೂರುತ್ತಾರೆ. ಮಗಳ ಕೈಯಿಂದ ತಂದೆಯ ಮಣಿಕಟ್ಟಿಗೆ ಒಂದು ದಾರ. ಒಮ್ಮೆ ಜಗ್ಗಿದರೆ ಸದ್ದು ಏರಿಸು, ಎರಡು ಸಲ ಜಗ್ಗಿದರೆ ಇಳಿಸು. ಅಜ್ಜಂಪುರದ ನಾಟಕ ಸಂಘದವರು ಹೋದ ವರ್ಷ ಹಾರ ಹಾಕಿದ್ದೂ ಖಾಸಿಂ ಸಾಬರಿಗೇ. ಕಳೆದ ಸೀಸನ್ನಿನಲ್ಲಿ ಮೂವತ್ತೆಂಟು ನಾಟಕ. ಮೂವತ್ತೆಂಟನ್ನೂ ಕೇಳಿದ ಜಾಹೇದಾ, ಒಂದನ್ನೂ ಎದುರಿನಿಂದ ನೋಡಿಲ್ಲ. ನನಗೆ ಇದು ಸರಿ ಕಾಣಲಿಲ್ಲ, ಹಾಗೆಂದು ಹೇಳಿಯೂಬಿಟ್ಟೆ. ಅವರು ಟೇಪಿನ ಬಳೆಯನ್ನು ಎಕೋಗೆ ತೊಡಿಸುತ್ತ, "ಹಾರ ಹಾಕ್ಕೊಂಡು ನಾನೇನ್ ಮಾಡ್ಲಿ? ಅಬ್ಬಾ ಮುಖ ನೋಡ್ಬೇಕಿತ್ತು ನೀವು," ಎಂದರು.

ಈ ಮನೆಯಲ್ಲಿ ಒಂದು ಪದ್ಧತಿ ಇದೆ. ಪೆಟ್ಟಿಗೆಗಳನ್ನು ಜೋಡಿಸುವುದು ಉಸ್ತಾದರೇ. ಬಿಸ್ಮಿಲ್ಲಾ ಎಂದು ಮೊದಲ ವೈರು ಸಿಕ್ಕಿಸುವುದು ಖಾಸಿಂ ಸಾಬರ ಕೈ. ಅವರು ಜೋಡಿಸಿದ ಮೇಲೆ ಅವರೆದುರಿಗೆ ಮಗಳು ಅದನ್ನು ಮುಟ್ಟುವುದಿಲ್ಲ. ತೊಡಕಿರುವುದು ಇಲ್ಲೇ. ಖಾಸಿಂ ಸಾಬರ ಕೈಗೆ ನೆನಪಿರುವುದು ಎಪ್ಪತ್ತೆಂಟರ ಸದ್ದು. ಅಮೃತಾಪುರದ ಗುಡಿಯ ಮುಂದೆ ಕಾರ್ತೀಕದಲ್ಲಿ ಇದೇ ದೇವೀರಪ್ಪನವರ ಒಡಪಿಗೆ ಎಕೋ ಹಾಕಿ, ಅದನ್ನು ಕಿವಿಯಾರೆ ಕೇಳಿ, ಜನ ಕೈ ಮುಗಿದು ನಿಂತದ್ದನ್ನು ಕಂಡದ್ದೇ ಅವರ ಕಡೆಯ ದೊಡ್ಡ ನೆನಪು. ಹಾಗಾಗಿ ಆರ್ಗನ್ನಿನ ಜೊತೆಗೆ ಮೈಕಿನ ವೈರನ್ನೂ ಅವರು ನಡುಕದ ಪೆಟ್ಟಿಗೆಗೇ ಸಿಕ್ಕಿಸುತ್ತಾರೆ. ಮನುಷ್ಯನ ಮಾತು ಮೂರೂ ಪೆಟ್ಟಿಗೆ ಹಾಯ್ದು ಬರುತ್ತದೆ. ಬಯಲಿನಲ್ಲಿ ಸಾವಿರ ಜನರಿಗೆ ಅದು ದೇವರ ದನಿ. ಟೇಪಿನಲ್ಲಿ ಮಾತ್ರ ಒಂದು ಮಾತಿನ ಬಾಲ ಇನ್ನೊಂದರ ತಲೆಯ ಮೇಲೆ ಬಿದ್ದು ಕಲಸುಮೇಲೋಗರ. ಒಮ್ಮೆ ಟೇಪಿಗೆ ಹತ್ತಿದ ಎಕೋವನ್ನು ಆಮೇಲೆ ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಏಳು ವರ್ಷದಿಂದ ಜಾಹೇದಾ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ತಂದೆ ಬೆಳಗಿನ ನಮಾಜಿಗೆ ಮಸೀದಿಗೆ ಹೋದಾಗ ಮೈಕಿನ ವೈರನ್ನು ಕಿತ್ತು ನೇರವಾಗಿ ರೆಕಾರ್ಡರಿಗೆ ಹಾಕಿಬಿಡುತ್ತಾರೆ. ಪೆಟ್ಟಿಗೆಯ ಹಿಂಬದಿ ತಂದೆಗೆ ಕೂತಲ್ಲಿಂದ ಕಾಣುವುದಿಲ್ಲ. ಖಾಸಿಂ ಸಾಬರು ಬಂದು ಎಕೋ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಮೋಟಾರು ಸುತ್ತುವುದು ತಿಳಿದು, ಸಮಾಧಾನದಿಂದ ಕೂರುತ್ತಾರೆ.

ಐದೂ ಐವತ್ತೆರಡು. ಬಾಗಿಲಲ್ಲಿ ಬಿಳಿ ರುಮಾಲು, ಹಣೆಗೆ ವಿಭೂತಿ, ಕೊರಳಿಗೆ ಉಲನ್ ಮಫ್ಲರು. ದೇವೀರಪ್ಪನವರು. ಜೊತೆಗೆ ಅವರ ಅಣ್ಣನ ಮಗ ಷಣ್ಮುಖಪ್ಪ. ಮೂವತ್ತು ವರ್ಷದ ಗಟ್ಟಿ ಆಳು. ವೀರಗಾಸೆ ಮೇಳದಲ್ಲಿ ಕುಣಿಯುತ್ತಾರೆ, ಒಡಪು ಬರುವುದಿಲ್ಲ. ಟೇಪು ಕೇಳಿ ಕಲಿಯಬೇಕಾದವರು ಇವರೇ. ಬರೆದುಕೊಂಡರೆ ಆಗದೇ ಎಂದು ನಾನು ಕೇಳಿದ್ದಕ್ಕೆ ದೇವೀರಪ್ಪನವರು ಪಿಸುಗುಟ್ಟುತ್ತಾರೆ. "ಮಾತು ಬರ್ಕೋಬೌದು ಸ್ವಾಮಿ. ಉಸ್ರು ಎಲ್ಲಿ ತಗೀಬೇಕು, ಎಲ್ಲಿ ಹಿಡೀಬೇಕು ಅನ್ನೋದನ್ನ ಹೆಂಗ್ ಬರೀತೀರಿ?"

ಅಷ್ಟರಲ್ಲಿ ಒಳಗಿನಿಂದ ಖಾಸಿಂ ಸಾಬರು ಬಂದು ಗೆಳೆಯನ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಇವತ್ತು ಅವರು ಮಸೀದಿಗೆ ಹೋಗಿಲ್ಲ. ಗೆಳೆಯ ಬರುತ್ತಾನೆಂದು ನಮಾಜನ್ನು ಮನೆಯಲ್ಲೇ ಮುಗಿಸಿದ್ದಾರೆ. "ಬಾರಪ್ಪಾ ದೇವೀರಪ್ಪ. ಅಮೃತಾಪುರದಾಗೆ ಮಾಡ್ದೆವಲ್ಲ, ಅದ್ಕಿಂತ ಜೋರು ಮಾಡ್ಕೊಡ್ತೀನಿ ಇವತ್ತು!" ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಚಾಪೆಯ ಮೇಲೆ ಮಂಡಿಯೂರಿ, ಬಿಸ್ಮಿಲ್ಲಾ ಎಂದು ವೈರುಗಳನ್ನು ಒಂದೊಂದಾಗಿ ಸಿಕ್ಕಿಸುತ್ತಾರೆ. ಕೊನೆಗೆ ಮೈಕಿನದು. ನೇರವಾಗಿ ನಡುಕದ ಪೆಟ್ಟಿಗೆಗೆ. ಆಮೇಲೆ ಎಕೋದ ಪಕ್ಕದಲ್ಲೇ ಕಾಲು ಮಡಚಿ ಕೂತುಬಿಡುತ್ತಾರೆ, ಅಂಗೈ ಪೆಟ್ಟಿಗೆಯ ಮೇಲೆ. ಏಳುವ ಲಕ್ಷಣ ಇಲ್ಲ. ಜಾಹೇದಾ ನನ್ನ ಕಡೆ ಒಮ್ಮೆ ನೋಡುತ್ತಾರೆ.

ಆರೂ ಐದು. ಜಾಹೇದಾ ಹೆಡ್‌ಫೋನು ಹಾಕಿಕೊಂಡು ಮೈಕಿನಲ್ಲಿ ಒಂದು, ಎರಡು, ಮೂರು ಎಂದು ಬೇಗ ಬೇಗ ಎಣಿಸುತ್ತಾರೆ. ಆಮೇಲೆ ನನಗೂ ಕೇಳಿಸುತ್ತಾರೆ. ಮೂರು ಎನ್ನುವಷ್ಟರಲ್ಲಿ ಒಂದು ಇನ್ನೂ ಮೊಳಗುತ್ತಲೇ ಇದೆ. ಷಣ್ಮುಖಪ್ಪ ಬಗ್ಗಿ ಕೇಳಿ ಖುಷಿಯಾಗಿ, "ಆಹಾ! ಹಿಂಗೇ ಇರ್ಲಿ ಕಣಮ್ಮ. ಟಾಕೀಸ್ನಂಗೆ ಬತ್ತೈತೆ," ಎನ್ನುತ್ತಾರೆ. ಕಲಿಯಬೇಕಾದವರ ಬಾಯಲ್ಲೇ ಈ ಮಾತು.

ಆರೂ ಎಂಟು. ಜಾಹೇದಾ ತಾಯಿಗೆ ಕಣ್ಣಲ್ಲೇ ಏನೋ ಹೇಳುತ್ತಾರೆ. ತಾಯಿ ಖುರ್ಷಿದ್ ಬೇಗಂ ಪಡಸಾಲೆಯಲ್ಲಿ ಚಹಾ ಇಟ್ಟಿದೆ ಬನ್ನಿ ಎಂದು ಗಂಡನಿಗೆ ಕೈಸನ್ನೆ ಮಾಡುತ್ತಾರೆ. "ಇಲ್ಲಿಗೇ ತಾ. ದೇವೀರಪ್ಪನ್ನ ಬಿಟ್ಟು ಎಲ್ಲಿಗೆ ಹೋಗ್ಲಿ?" ಎನ್ನುತ್ತಾರೆ ಹಿರಿಯರು. ಚಹಾ ಇಲ್ಲಿಗೇ ಬರುತ್ತದೆ. ಯಾರೂ ಕುಡಿಯುವುದಿಲ್ಲ. ಗಡಿಯಾರದಲ್ಲಿ ಆರೂ ಹತ್ತಾಗುತ್ತದೆ, ಆರೂ ಹನ್ನೆರಡಾಗುತ್ತದೆ. ಹನ್ನೊಂದು ನಿಮಿಷದ ಒಡಪು, ಆರೂವರೆಗೆ ಮಿಲ್ಲು. ನನಗೇ ಲೆಕ್ಕ ಸಿಗುತ್ತಿರುವಾಗ ಜಾಹೇದಾರಿಗೆ ಸಿಗದೇ ಇರುತ್ತದೆಯೇ? ಎದ್ದು ಆ ವೈರು ಕಿತ್ತುಬಿಡಬಾರದೇ ಎಂದು ನನಗೆ ಸಿಟ್ಟೇ ಬರುತ್ತದೆ. ಆದರೆ ಕಿತ್ತರೆ ಏಳು ವರ್ಷ ಕಾಪಾಡಿದ್ದು ಒಂದು ಕ್ಷಣದಲ್ಲಿ ಹೋಯಿತು, ಅದೂ ತಂದೆಯ ಜೀವದ ಗೆಳೆಯನ ಎದುರಿಗೆ. ಕೀಳದಿದ್ದರೆ ಒಡಪು ಹೋಯಿತು.

ಆರೂ ಹದಿನಾಲ್ಕು. ದೇವೀರಪ್ಪನವರು ಮಫ್ಲರು ಬಿಚ್ಚಿ, ತಮ್ಮ ಮಠವಿರುವ ದಿಕ್ಕಿಗೆ ಒಮ್ಮೆ ಕೈ ಮುಗಿದು, ಮೈಕಿನ ಮುಂದೆ ಕಾಲು ಅಗಲಿಸಿ ನಿಲ್ಲುತ್ತಾರೆ. ಜಾಹೇದಾ ಎಡಗೈಯಿಂದ ಆರ್ಗನ್ನಿನಲ್ಲಿ ಶ್ರುತಿ ಹಿಡಿದು, ಬಲಗೈಯಿಂದ ರೆಕಾರ್ಡರಿನ ಗುಂಡಿ ಒತ್ತುತ್ತಾರೆ. ಚಕ್ರ ಸುತ್ತುತ್ತದೆ. ದೇವೀರಪ್ಪನವರು ಎದೆ ತುಂಬ ಉಸಿರೆಳೆದುಕೊಳ್ಳುತ್ತಾರೆ. ಬಾಯಿ ತೆರೆಯಬೇಕು, ಅಷ್ಟರಲ್ಲಿ—

"ನಿಲ್ಲಿ ಮಾವಾ! ಬ್ಯಾಡ, ಈಗ ಬ್ಯಾಡ!"

ಜಾಹೇದಾ ಎದ್ದು ನಿಂತಿದ್ದಾರೆ. ಚಕ್ರ ನಿಲ್ಲಿಸಿ, ಎಲ್ಲರ ಎದುರಿಗೆ ನಡುಕದ ಪೆಟ್ಟಿಗೆಯ ಹಿಂದೆ ಕೈ ಹಾಕಿ, ಮೈಕಿನ ವೈರನ್ನು ಎಳೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಖಾಸಿಂ ಸಾಬರು ಮೊದಲು ವೈರು ನೋಡುತ್ತಾರೆ, ಆಮೇಲೆ ಮಗಳ ಮುಖ. "ಏನ್ ಮಾಡ್ತಾ ಇದ್ದೀ?" ಎಂಬ ಅವರ ಪ್ರಶ್ನೆ ಗೋಣಿಚೀಲದ ಗೋಡೆಗಳ ನಡುವೆ ಬಹಳ ದೊಡ್ಡದಾಗಿ ಕೇಳುತ್ತದೆ.

ಕಿವುಡರಿಗೆ ಸದ್ದಿನ ತಪ್ಪನ್ನು ಹೇಳಿ ತಿಳಿಸುವುದು ಹೇಗೆ? ನಾನಾಗಿದ್ದರೆ ಕೈ ಚೆಲ್ಲುತ್ತಿದ್ದೆ. ಜಾಹೇದಾ ತಂದೆಯ ಗಲ್ಲ ಹಿಡಿದು ರೆಕಾರ್ಡರಿನ ಕಡೆ ತಿರುಗಿಸುತ್ತಾರೆ. ಅದರ ಮುಖದ ಮೇಲೆ ಬೆರಳುಗಾತ್ರದ ಒಂದು ಗಾಜು, ಒಳಗೆ ಮುಳ್ಳು. ಸದ್ದು ಬಂದರೆ ಮುಳ್ಳು ಏಳುತ್ತದೆ, ನಿಂತರೆ ಬೀಳುತ್ತದೆ. ಅವರು ವೈರನ್ನು ಮತ್ತೆ ನಡುಕಕ್ಕೇ ಸಿಕ್ಕಿಸಿ ಮೈಕಿನಲ್ಲಿ ಒಂದು, ಎರಡು, ಮೂರು ಎನ್ನುತ್ತಾರೆ. ಮುಳ್ಳು ಎದ್ದದ್ದು ಬೀಳುವುದೇ ಇಲ್ಲ, ಮೇಲೆಯೇ ತೂರಾಡುತ್ತಿರುತ್ತದೆ. ವೈರು ಕಿತ್ತು ನೇರವಾಗಿ ರೆಕಾರ್ಡರಿಗೆ ಹಾಕುತ್ತಾರೆ. ಒಂದು, ಮುಳ್ಳು ಎದ್ದು ಬಿತ್ತು. ಎರಡು, ಎದ್ದು ಬಿತ್ತು. ಮೂರು, ಎದ್ದು ಬಿತ್ತು.

ಖಾಸಿಂ ಸಾಬರು ಕನ್ನಡಕ ಮೇಲಕ್ಕೆ ಸರಿಸಿ ಗಾಜಿಗೆ ಮೂಗು ತಾಗುವಷ್ಟು ಬಗ್ಗುತ್ತಾರೆ. ಇನ್ನೊಂದು ಸಲ ಎಂದು ಬೆರಳು ತೋರಿಸುತ್ತಾರೆ. ಮಗಳು ಇನ್ನೊಂದು ಸಲ ತೋರಿಸುತ್ತಾರೆ. ಅರವತ್ತಾರು ವರ್ಷದ ಉಸ್ತಾದರು, ಅರ್ಥವಾಗದೇ ಇರುತ್ತದೆಯೇ? ಅವರ ಕೈ ಎಕೋ ಪೆಟ್ಟಿಗೆಯ ಮೇಲಿಂದ ತಾನಾಗಿಯೇ ಕೆಳಗೆ ಬರುತ್ತದೆ. "ಮಾತಿನ ಮಧ್ಯೆ ಜಾಗಾನೇ ಇಲ್ಲ," ಎನ್ನುತ್ತಾರೆ, ಈ ಸಲ ಮೆಲ್ಲಗೆ. ಆಮೇಲೆ, "ಎಷ್ಟು ದಿನದಿಂದ ನಾನ್ ಹಾಕಿದ್ದನ್ನ ನೀನು ತೆಗೀತಾ ಇದ್ದೀಯ?"

ಜಾಹೇದಾ ಏಳು ಬೆರಳು ಎತ್ತಿ ತೋರಿಸುತ್ತಾರೆ.

ಹಿರಿಯರು ಗೆಳೆಯನ ಕಡೆ ತಿರುಗುತ್ತಾರೆ. "ದೇವೀರಪ್ಪ, ನಿನ್ನ ಒಡಪು ಹಾಳ್ ಮಾಡ್ಬಿಡ್ತಿದ್ದೆ ಕಣೋ." ಅಷ್ಟೇ. ಟೋಪಿ ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ, ಬಾಗಿಲು ದಾಟಿ ಹೊರಟುಬಿಡುತ್ತಾರೆ. ಚಪ್ಪಲಿ ಹೊಸಿಲ ಬಳಿಯೇ ಉಳಿಯುತ್ತದೆ. ಮುನಿದು ಹೋದರೆಂದು ಕೋಣೆಯಲ್ಲಿದ್ದ ನಾವು ಎಲ್ಲರೂ ತಿಳಿದುಕೊಂಡೆವು. ಜಾಹೇದಾರ ಕಣ್ಣು ತುಂಬಿ ಬಂತು. ಆದರೆ ಅಳುವುದಕ್ಕೂ ಸಮಯ ಇರಲಿಲ್ಲ.

ಆರೂ ಇಪ್ಪತ್ತೊಂದು. "ಮಾವಾ, ಪೂರ್ತಿ ಆಗಕ್ಕಿಲ್ಲ. ಕಡೇ ಎರಡು ನಿಮ್ಷ ಮಿಲ್‌ಗೆ ಹೋಗ್ತದೆ," ಎನ್ನುತ್ತಾರೆ ಸೆರಗಿನಿಂದ ಮುಖ ಒರೆಸಿಕೊಂಡು. ದೇವೀರಪ್ಪನವರು, "ಎಷ್ಟು ಸಿಕ್ತೋ ಅಷ್ಟು ತಗೊಳವ್ವ. ಹಾಕು," ಎನ್ನುತ್ತಾರೆ.

ಚಕ್ರ ಸುತ್ತುತ್ತದೆ. ರುದ್ರನನ್ನು ಕರೆಯುವ ಮೊದಲ ಕೂಗಿಗೇ ನನ್ನ ಮೈ ಜುಮ್ಮೆನ್ನುತ್ತದೆ. ಪಿಸುಗುಟ್ಟುತ್ತಿದ್ದ ಈ ಮನುಷ್ಯನೊಳಗೆ ಇಷ್ಟು ದೊಡ್ಡ ದನಿ ಎಲ್ಲಿ ಕೂತಿತ್ತು? ಮಾತುಗಳು ಒಂದರ ಬೆನ್ನಿಗೆ ಒಂದು ನುಗ್ಗುತ್ತವೆ, ಆದರೂ ಒಂದನ್ನೊಂದು ಮುಟ್ಟುವುದಿಲ್ಲ. ಆರ್ಗನ್ನಿನ ಶ್ರುತಿ ಮಾತ್ರ ಮೂರು ಪೆಟ್ಟಿಗೆ ಹಾಯ್ದು ಬಂದು ದೂರದಲ್ಲೆಲ್ಲೋ ನಿಂತಿದೆ. ಜಾಹೇದಾ ಒಡಪು ಹೇಳುವವರನ್ನು ನೋಡುವುದೇ ಇಲ್ಲ. ಎಡಗೈ ಆರ್ಗನ್ನಿನ ಮೇಲೆ, ಬಲಗೈ ರೆಕಾರ್ಡರಿನ ಮೇಲೆ, ಕಣ್ಣು ಗೋಡೆಯ ಮೀಟರಿನ ಮೇಲೆ. ಇನ್ನೂರಾ ಇಪ್ಪತ್ತೈದು.

ಆರೂ ಇಪ್ಪತ್ತೇಳಕ್ಕೆ ದೇವೀರಪ್ಪನವರಿಗೆ ಕೆಮ್ಮು ಬರುತ್ತದೆ. ಕೊರಳ ನರ ಉಬ್ಬಿ ಮುಖ ಕೆಂಪಾಗುತ್ತದೆ. ಷಣ್ಮುಖಪ್ಪ ನೀರಿನ ಲೋಟ ಹಿಡಿದು ಎದ್ದರೆ, ಬೇಡವೆಂದು ಕೈ ಅಡ್ಡ ಹಿಡಿಯುತ್ತಾರೆ. ಒಂದು ಗುಟುಕು ಗಾಳಿ ನುಂಗಿ, ಬಿಟ್ಟ ಮಾತಿನಿಂದಲೇ ಹಿಡಿದು ಮತ್ತೆ ನುಗ್ಗುತ್ತಾರೆ. ನನಗೆ ಆಗ ಒಡಪಿಗಿಂತ ಅವರ ಜೀವದ ಭಯ ಹೆಚ್ಚಾಯಿತು, ಸುಳ್ಳು ಹೇಳಲಾರೆ.

ಆರೂ ಇಪ್ಪತ್ತೊಂಬತ್ತು. ಆರೂವರೆ. ಜಾಹೇದಾ ತುಟಿ ಕಚ್ಚಿಕೊಂಡಿದ್ದಾರೆ. ಮೀಟರಿನ ಮುಳ್ಳು ಈಗ ಬೀಳಬೇಕು, ಈಗ ಬೀಳಬೇಕು. ಬೀಳುವುದಿಲ್ಲ. ಮೂವತ್ತೊಂದು. ಅಲ್ಲಾಡುವುದಿಲ್ಲ. ಹೊರಗೆ ಓಣಿಯಲ್ಲಿ ಬೆಳಕು ಹರಿಯುತ್ತಿದೆ, ಮಿಲ್ಲಿನ ಕಡೆಯಿಂದ ಸದ್ದಿಲ್ಲ. ಆರೂ ಮೂವತ್ತೆರಡೂವರೆಗೆ ದೇವೀರಪ್ಪನವರು ಕಡೆಯ ಕೂಗು ಹಾಕಿ, ಕತ್ತಿ ಕೆಳಗಿಳಿಸಿದಂತೆ ಬಲಗೈ ಇಳಿಸಿ, ಅಲ್ಲೇ ಗೋಡೆಗೆ ಒರಗುತ್ತಾರೆ. ಜಾಹೇದಾ ಎರಡು ಉಸಿರಿನಷ್ಟು ಹೊತ್ತು ಟೇಪು ಓಡಲು ಬಿಟ್ಟು, ಗುಂಡಿ ಒತ್ತುತ್ತಾರೆ.

ಮಿಲ್ಲು ಯಾಕೆ ಶುರುವಾಗಲಿಲ್ಲ ಎಂದು ನೋಡಲು ಜಾಹೇದಾ ಮತ್ತು ನಾನು ಅತ್ತ ಓಡುತ್ತೇವೆ. ಸ್ಟಾರ್ಟರ್ ಪೆಟ್ಟಿಗೆಯ ಮುಂದಿನ ಮೆಟ್ಟಿಲ ಮೇಲೆ, ಬರಿಗಾಲಲ್ಲಿ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಖಾಸಿಂ ಸಾಬರು ಕೂತಿದ್ದಾರೆ. ಸುತ್ತ ಎಂಟು ಹತ್ತು ಜನ ಹಮಾಲಿಗಳು ಸುಮ್ಮನೆ ನಿಂತಿದ್ದಾರೆ. ಮಿಲ್ಲಿನ ಆಪರೇಟರ್ ಈರಪ್ಪ ನಮ್ಮನ್ನು ಕಂಡು ಹತ್ತಿರ ಬರುತ್ತಾರೆ. "ಏನಮ್ಮ ಇದು? ಬಂದೋರೇ ಇಲ್ಲಿ ಅಡ್ಡ ಕೂತ್ಬಿಟ್ರು. 'ನಂಗೆ ಕಿವಿ ಪೂರಾ ಹೋಗೈತೆ, ಏಳು ವರ್ಷದಿಂದ ಎಲ್ಲಾ ನನ್ ಮಗಳೇ ಮಾಡ್ತಾ ಇರೋದು, ಈಗ ದೇವೀರಪ್ನ ಒಡಪು ಹಿಡೀತಾ ಅವ್ಳೆ, ಅವ್ಳು ಬಂದು ಹೇಳೋ ತನಕ ಬಟನ್ ಒತ್ಬ್ಯಾಡಿ' ಅಂದ್ರು. ಎಲ್ರ ಮುಂದೇನೂ ಹಂಗಂದ್ಬಿಟ್ರು. ನಾನೇನ್ ಹೇಳ್ಲಿ? ನಿಂತೆ."

ಜಾಹೇದಾ ತಂದೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಆಯಿತು ಎಂದು ತಲೆಯಾಡಿಸುತ್ತಾರೆ. ಹಿರಿಯರು ಪೂರ್ತಿಯಾ ಎಂದು ಕೈಯಲ್ಲೇ ಕೇಳುತ್ತ ಎರಡೂ ಅಂಗೈ ಅಗಲಿಸುತ್ತಾರೆ. ಪೂರ್ತಿ ಎಂದು ಮಗಳು ಮತ್ತೆ ತಲೆಯಾಡಿಸುತ್ತಾರೆ. ಹಮಾಲಿಗಳ ಎದುರಿಗೇ ಇಬ್ಬರೂ ಅತ್ತರು. ನಾನು ಮುಖ ತಿರುಗಿಸಿ ಭತ್ತದ ರಾಶಿ ನೋಡುತ್ತ ನಿಂತೆ.

ಇದನ್ನು ಬರೆಯಬಹುದೇ ಎಂದು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಖಾಸಿಂ ಸಾಬರು ಓದಿ ನಕ್ಕರು. "ಮಿಲ್ನಾಗೆ ಹೇಳ್ಬಿಟ್ಟೀನಲ್ಲ ಸ್ವಾಮಿ. ಸಂಜೆ ಒಳಗೆ ತರೀಕೆರೆಗೂ ಗೊತ್ತಾಗ್ತದೆ. ನಿಮ್ ಪೇಪರ್ ಬರೋದ್ರೊಳಗೆ ಹಳೇ ಸುದ್ದಿ ಆಗೋಗಿರ್ತದೆ. ಬರೀರಿ."

ಏಳು ವಾರ ಕಳೆದು ನಾನು ಮತ್ತೆ ಕಡೂರಿನಲ್ಲಿ ಇಳಿದಾಗ, ಪೆಟ್ಟಿಗೆಗಳು ಅದೇ ಚಾಪೆಯ ಮೇಲಿವೆ. ಮೊದಲ ವೈರು ಈಗಲೂ ಖಾಸಿಂ ಸಾಬರೇ ಸಿಕ್ಕಿಸುತ್ತಾರೆ. ಉಳಿದ ಹದಿಮೂರು ಮಗಳದು. ಹಿರಿಯರಿಗೊಂದು ಹೊಸ ಕೆಲಸ ಸಿಕ್ಕಿದೆ. ರೆಕಾರ್ಡಿಂಗಿನ ಹೊತ್ತಿಗೆ ಗಾಜಿಗೆ ಕನ್ನಡಕ ತಾಗಿಸಿ ಕೂತು, ಸದ್ದು ಮಿತಿಮೀರಿ ಮುಳ್ಳು ಗಾಜಿನೊಳಗಿನ ಗೆರೆ ದಾಟಿದ ಕೂಡಲೇ ಮಗಳ ಮೊಣಕೈ ತಟ್ಟುತ್ತಾರೆ. ಕಿವಿ ಇದ್ದವರಿಗಿಂತ ಒಂದು ಗಳಿಗೆ ಮುಂಚೆಯೇ ಹಿಡಿಯುತ್ತಾರಂತೆ. ಅಜ್ಜಂಪುರದ ಸಂಘದವರಿಗೂ ವಿಷಯ ತಿಳಿದಿದೆ. ಬೇರೆಯವರ ಪೆಟ್ಟಿಗೆ ತರಿಸೋಣ ಎಂದು ಒಬ್ಬಿಬ್ಬರು ಗೊಣಗಿದರೂ, ಸದ್ದು ಮೊದಲಿನದೇ ಆದದ್ದರಿಂದ ಮಾತು ಅಲ್ಲಿಗೇ ನಿಂತಿದೆ.

ದೇವೀರಪ್ಪನವರ ಆಪರೇಷನ್ ಆಗಿ, ಜೀವ ಉಳಿದಿದೆ, ದನಿ ಹೋಗಿದೆ. ಷಣ್ಮುಖಪ್ಪ ಟೇಪು ಹಾಕಿಕೊಂಡು ದಿನಾ ಬೆಳಿಗ್ಗೆ ಕಲಿಯುತ್ತಿದ್ದಾರೆ. ತಪ್ಪಿದರೆ ಎದುರಿಗೆ ಕೂತ ಚಿಕ್ಕಪ್ಪ ನೆಲಕ್ಕೆ ಬೆರಳು ಕುಟ್ಟುತ್ತಾರೆ. ಮೊದಲ ವಾರ ಬೆರಳು ಸುಮ್ಮನಿದ್ದದ್ದೇ ಇಲ್ಲವಂತೆ. ಈಗ ಆರು ನಿಮಿಷದವರೆಗೆ ತಪ್ಪಿಲ್ಲದೆ ಬರುತ್ತದೆ.

ನೀವು ಮಾಡಿದ್ದರಲ್ಲಿ ಒಳ್ಳೆಯದು ಯಾವುದು ಎಂದು ಜಾಹೇದಾರನ್ನು ಕೇಳುತ್ತೇನೆ. ಸಿಡಿಲು ಎನ್ನುತ್ತಾರೇನೋ, ಪುಂಗಿ ಎನ್ನುತ್ತಾರೇನೋ ಎಂದು ಕಾಯುತ್ತೇನೆ. ಅವರು ಬೆಸುಗೆ ಕಡ್ಡಿಯನ್ನು ಇಟ್ಟಿಗೆಯ ಮೇಲಿಡುತ್ತಾರೆ.

"ದೇವೀರಪ್ಪ ಮಾವ ಆಸ್ಪತ್ರೆಯಿಂದ ಬಂದೋರು ಸೀದಾ ಇಲ್ಗೆ ಬಂದಿದ್ರು ಕಣ್ರೀ. ಕೊರಳಿಗೆ ಬಟ್ಟೆ ಸುತ್ತಿತ್ತು. ಟೇಪು ಹಾಕು ಅಂತ ಕೈ ಮಾಡಿದ್ರು, ಹಾಕ್ದೆ. ಹನ್ನೊಂದು ನಿಮ್ಷನೂ ಅಲ್ಲಾಡ್ದಂಗೆ ಕೂತು ಕೇಳಿದ್ರು. ಮುಗಿದ ಮೇಲೆ ಆ ಚಕ್ರದ ಕಡೆ ಬೆರಳು ತೋರ್ಸಿ, ಎದೆ ತಟ್ಕೊಂಡ್ರು. ನಾನೇ ಅಂತ. ಅಂದ್ರೆ ಬೇರೆಯೋರ ದನಿ ಅಂತ ಅವ್ರಿಗೆ ಅನ್ನಿಸ್ಲಿಲ್ವಲ್ಲ. ಅಷ್ಟು ಸಾಕು ನಂಗೆ."